ಹುಲಿಗೆಮ್ಮನ ಹೆಸರಿನ ರಕ್ತ

1983ನೇ ಇಸವಿ ನವೆಂಬರ್ 21, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಮಾನ್ವಿಯ ಊರ ಹೊರಗೆ ಆಗ ಒಂದು ಸಣ್ಣ ಧರ್ಮಾರ್ಥ ಆಸ್ಪತ್ರೆಯಿತ್ತು, ಈಗ ಅದಿಲ್ಲ. ಅದರ ರಕ್ತಪರೀಕ್ಷೆಯ ಕೋಣೆಯಲ್ಲಿ ಹಾಜರಿದ್ದವರು ನಾಲ್ವರು: ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ನಾನು, ನನ್ನ ಸಹಾಯಕ ಖಾಜಾಸಾಬ, ಸ್ಟೂಲಿನ ಮೇಲೆ ಕುಳಿತ ಒಬ್ಬ ಹುಡುಗಿ, ಬಾಗಿಲಲ್ಲಿ ನಿಂತ ಅವಳ ತಾಯಿ ಈರಮ್ಮ. ಚೀಟಿಯಲ್ಲಿ ಬರೆದಿದ್ದ ಹೆಸರು ಹುಲಿಗೆಮ್ಮ, ಊರು ನೀರಮಾನ್ವಿ, ವಯಸ್ಸು ಇಪ್ಪತ್ತು. ಬಿಳಿ ಟೈಲಿನ ಮೇಲೆ ಎಡಕ್ಕೆ ಎ, ಬಲಕ್ಕೆ ಬಿ ಪರೀಕ್ಷೆಯ ಸೀರಂ ಬೆರೆಸಿ ಹಾಕಿದ ಎರಡು ಹನಿಗಳಲ್ಲಿ ಬಲಗಡೆಯದು ಮುದ್ದೆಗಟ್ಟಿತು. ಬಿ ಗುಂಪು. ಬರೆಯುವ ಮೊದಲು ಹಳೆಯ ಪುಟ ತಿರುವಿ ನೋಡುವುದು ನನ್ನ ಪದ್ಧತಿ. ಜುಲೈ ತಿಂಗಳ ಪುಟದಲ್ಲಿ ಅದೇ ಹೆಸರಿನ ಮುಂದೆ, ನನ್ನದೇ ಕೈಬರಹದಲ್ಲಿ, ಓ ಎಂದಿತ್ತು.

ಒಬ್ಬರಿಗೆ ಎರಡು ರಕ್ತಗುಂಪು ಇರುವುದಿಲ್ಲ.

ನಲವತ್ತು ವರ್ಷ ಕಳೆದ ಮೇಲೆ ಇದು ನೆನಪಾಗಲು ಕಾರಣ, ಕಳೆದ ವಾರ ರಾಯಚೂರಿನ ಒಂದು ಲ್ಯಾಬಿನಲ್ಲಿ ನನ್ನ ತೋಳಿಗೆ ಬಿದ್ದ ಸೂಜಿ. ಅಲ್ಲಿನ ಲ್ಯಾಬ್ ಹುಡುಗಿ ಸ್ಪಿರಿಟ್ ಹಚ್ಚಿದಳು, ಚುಚ್ಚಿದಳು, ರಕ್ತ ತೆಗೆದಳು, ಹತ್ತಿ ಒತ್ತಿದಳು. ನನ್ನ ಹೆಸರು ಮಾತ್ರ ಕೇಳಲಿಲ್ಲ. "ಯಾರ ರಕ್ತ ತಗೊಂಡಿ ಅಂತ ಗೊತ್ತೈತೇನವ್ವ ನಿನಗ?" ಎಂದೆ. "ಟ್ಯೂಬ್ ಮ್ಯಾಲ ಸ್ಟಿಕ್ಕರ್ ಅದರೀ ಅಜ್ಜಿ" ಎಂದಳು. ಸ್ಟಿಕ್ಕರಿನಲ್ಲಿ ಬೇರೆ ಯಾರದೋ ಹೆಸರು ಇದ್ದಿದ್ದರೆ? ಅಷ್ಟು ಹೇಳುವುದರೊಳಗೆ ಅವಳು ಮುಂದಿನವರನ್ನು ಕರೆದಾಗಿತ್ತು. ಸ್ಪಿರಿಟ್ಟಿನ ವಾಸನೆ ಮೂಗಿನಲ್ಲಿಟ್ಟುಕೊಂಡು, ಬೈಯಬೇಕಾದದ್ದನ್ನೆಲ್ಲ ನುಂಗಿಕೊಂಡು ಮನೆಗೆ ಬಂದೆ. ಬೈಯುವ ಹಕ್ಕು ನನಗೆ ಪೂರ್ತಿ ಇಲ್ಲ ಎಂಬುದೂ ದಾರಿಯಲ್ಲೇ ನೆನಪಾಯಿತು. ಹೆಸರು ಕೇಳಿಯೇ ನಾನು ಮೋಸ ಹೋದವಳು.

ನಾನು ರಾಯಚೂರಿನ ಹಾಸ್ಟೆಲ್ಲಿನಲ್ಲಿ ಬೆಳೆದೆ. ಬೆಳಗಿನ ಐದಕ್ಕೆ ಗಂಟೆ, ಐದೂ ಕಾಲಕ್ಕೆ ಕಸಬರಿಗೆ, ಆರಕ್ಕೆ ಪುಸ್ತಕ. ನಮ್ಮ ಮನೆಯಲ್ಲಿ ಹೊಲದ ಕೂಲಿ ಬಿಟ್ಟು ಸಂಬಳಕ್ಕೆ ಸೇರಿದವರಲ್ಲಿ ನಾನೇ ಮೊದಲಿಗಳು. ಹಾಗಾಗಿ ಮಾನ್ವಿಯ ಆ ಕೋಣೆಯಲ್ಲಿ ಒಂದು ಹತ್ತಿಯ ಉಂಡೆಯೂ ತನ್ನ ಜಾಗ ಬಿಟ್ಟು ಇರುತ್ತಿರಲಿಲ್ಲ. ಆ ವರ್ಷದ ಮಳೆ ಜುಲೈ ಮೊದಲ ವಾರವೇ ಹಿಡಿಯಿತು. ಕರಿಮಣ್ಣು ಚಪ್ಪಲಿಗೆ ಅಂಟಿ, ಬಂದವರೆಲ್ಲ ಎರಡು ಬೆರಳು ಎತ್ತರವಾಗಿ ಬರುತ್ತಿದ್ದರು. ಖಾಜಾಸಾಬ ಬಾಗಿಲಿಗೆ ಗೋಣಿತಾಟು ಹಾಕಿ, "ಕಾಲ್ ಒರಸ್ರೀ, ಅಕ್ಕಾರ ಬೈತಾರ" ಎಂದು ಕೂಗುವುದನ್ನೇ ಒಂದು ನೌಕರಿ ಮಾಡಿಕೊಂಡಿದ್ದ.

ಜುಲೈ 11ರಂದು ಹುಲಿಗೆಮ್ಮ ಮೊದಲ ಸಲ ಬಂದಳು. ಐದು ತಿಂಗಳಿಂದ ಹೊಟ್ಟೆ ಮುರಿತ, ದಿನಕ್ಕೆ ಎಂಟು ಹತ್ತು ಸಲ ಭೇದಿ, ಅದರಲ್ಲಿ ರಕ್ತ. ಊರಿನ ಕಡೆ ಮೂರು ಸಲ ಆಮಶಂಕೆಯ ಗುಳಿಗೆ ಕೊಟ್ಟಿದ್ದರು. ಮೂರು ದಿನ ಅವಳ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕೆಂಪು ಕಣ, ಕೀವಿನ ಕಣ ಬಿಟ್ಟರೆ ಒಂದು ಕ್ರಿಮಿಯೂ ಇರಲಿಲ್ಲ. ರಕ್ತ ತೆಗೆಯಲು ನರ ಸಿಗದೆ ಎರಡೂ ತೋಳು ಹುಡುಕಿದೆ. ಹಿಮೋಗ್ಲೋಬಿನ್ ಏಳು, ಗುಂಪು ಓ, ಇಎಸ್ಆರ್ ಎಪ್ಪತ್ತೆಂಟು.

ಈ ಇಎಸ್ಆರ್ ಎಂಬುದು ಬಡವರ ಪರೀಕ್ಷೆ. ರಕ್ತಕ್ಕೆ ಸಿಟ್ರೇಟ್ ದ್ರಾವಣ ಬೆರೆಸಿ, ಉದ್ದನೆಯ ಗಾಜಿನ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಬೇಕು. ಕೆಂಪು ಕಣಗಳು ಮೆಲ್ಲಗೆ ತಳಕ್ಕಿಳಿಯುತ್ತವೆ. ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿದವು ಎಂದು ಓದಿ ಬರೆಯಬೇಕು. ಮೈಯೊಳಗೆ ಉರಿಯೂತವಿದ್ದರೆ ಬೇಗ ಇಳಿಯುತ್ತವೆ. ಎಲ್ಲಿ ಉರಿಯುತ್ತಿದೆ ಎಂದು ಕೊಳವೆ ಹೇಳುವುದಿಲ್ಲ, ಉರಿಯುತ್ತಿದೆ ಎಂದಷ್ಟೇ ಹೇಳುತ್ತದೆ. ಹುಡುಗಿಯರಿಗೆ ಇಪ್ಪತ್ತರೊಳಗೆ ಇರಬೇಕು. ಕೊಳವೆ ಸ್ವಲ್ಪ ವಾಲಿದರೂ, ಬಿಸಿಲು ತಾಗಿದರೂ ಅಂಕಿ ಏರುತ್ತದೆ. ರಾಯಚೂರು ಸೀಮೆಯ ಬಿಸಿಲನ್ನು ನಂಬಲಾಗದೆ ಸ್ಟ್ಯಾಂಡನ್ನು ಒಳಗೋಡೆಗೆ ಇಟ್ಟಿದ್ದೆ. ವಾರಕ್ಕೊಮ್ಮೆ ಗೋಡೆ ಕಟ್ಟುವ ಗೌಂಡಿಯ ತೂಕದ ದಾರ ಇಳಿಬಿಟ್ಟು ಅದು ನೆಟ್ಟಗಿದೆಯೇ ಎಂದು ನೋಡುತ್ತಿದ್ದೆ. "ಗ್ವಾಡಿ ಕಟ್ಟಾಕತ್ತೀರೇನ್ರಿ ಅಕ್ಕಾರ?" ಎಂದು ಖಾಜಾಸಾಬ ಪ್ರತಿ ವಾರ ಕೇಳುತ್ತಿದ್ದ. ಪ್ರತಿ ವಾರ ಅದೇ ಮಾತು.

ನಮ್ಮ ಡಾಕ್ಟರು ಗುಲ್ಬರ್ಗಾ ಕಡೆಯವರು, ಚಿಕ್ಕ ವಯಸ್ಸು, ಒಬ್ಬರೇ. ಹುಲಿಗೆಮ್ಮನನ್ನು ರಾಯಚೂರಿಗೆ ಕಳಿಸಿದರು. ಅಲ್ಲಿ ಗುದದ್ವಾರದಿಂದ ದುರ್ಬೀನು ಹಾಕಿ ನೋಡಿದ ಡಾಕ್ಟರು ದೊಡ್ಡ ಕರುಳಿನ ಒಳಪದರವೆಲ್ಲ ಹುಣ್ಣಾಗಿದೆ, ಇದು ಕ್ರಿಮಿಯ ಕಾಟವಲ್ಲ, ರೋಗ ತಡೆಯಬೇಕಾದ ಮೈಯ ಕಾವಲು ತನ್ನ ಕರುಳಿನ ಮೇಲೆಯೇ ತಿರುಗಿ ಬಿದ್ದ ಕಾಯಿಲೆ ಎಂದು ಬರೆದು ಕಳಿಸಿದರು. ಸಲ್ಫಾಸಲಜೀನ್ ಗುಳಿಗೆ ದಿನಕ್ಕೆ ಎಂಟು. ತಿಂಗಳಿಗೊಮ್ಮೆ ಇಎಸ್ಆರ್ ನೋಡಿ ಹೆಚ್ಚು ಕಡಿಮೆ ಮಾಡಬೇಕು. ಅಂದರೆ ಆ ಹುಡುಗಿಗೆ ಎಷ್ಟು ಔಷಧ ಸಿಗಬೇಕು ಎಂಬುದನ್ನು ತೀರ್ಮಾನಿಸುವುದು ನನ್ನ ಕೊಳವೆ.

ಆಗಸ್ಟ್‌ನಲ್ಲಿ ಕೊಳವೆ ಹದಿನಾಲ್ಕು ತೋರಿಸಿತು. ಡಾಕ್ಟರು ಹಿಗ್ಗಿ ಗುಳಿಗೆಯನ್ನು ನಾಲ್ಕಕ್ಕೆ ಇಳಿಸಿದರು. ಸೆಪ್ಟೆಂಬರ್‌ನಲ್ಲಿ ಹನ್ನೊಂದು, ಗುಳಿಗೆ ಎರಡು. ಅಕ್ಟೋಬರ್‌ನಲ್ಲಿ ಹತ್ತೊಂಬತ್ತು, ಹದ್ದಿನೊಳಗೇ ಇತ್ತು, ಗುಳಿಗೆ ನಿಂತಿತು. ಪ್ರತಿ ಸಲವೂ ನಾನು "ಹುಲಿಗೆಮ್ಮ?" ಎನ್ನುತ್ತಿದ್ದೆ, "ಹೂನ್ರಿ" ಎಂದು ಸೆರಗು ಹೊದ್ದ ಹುಡುಗಿ ಬಂದು ಕೂತು ತೋಳು ಚಾಚುತ್ತಿದ್ದಳು. ನರ ಒಂದೇ ಸಲಕ್ಕೆ ಸಿಗುತ್ತಿತ್ತು. ಗುಳಿಗೆಯ ಗುಣ ಎಂದುಕೊಂಡೆ. ನಾನು ಮುಖ ನೋಡುವವಳಲ್ಲ, ಮೊಣಕೈ ನೋಡುವವಳು. ದಿನಕ್ಕೆ ನಲವತ್ತು ಮೊಣಕೈ. ಡಾಕ್ಟರು ಚೀಟಿಯಲ್ಲಿ ಇಎಸ್ಆರ್ ಒಂದನ್ನೇ ಬರೆಯುತ್ತಿದ್ದರು, ನಾನು ಒಂದನ್ನೇ ಮಾಡುತ್ತಿದ್ದೆ. ಒಮ್ಮೆಯಾದರೂ ಹಿಮೋಗ್ಲೋಬಿನ್ ನೋಡಿದ್ದರೆ ಅದು ಏಳರಿಂದ ಹನ್ನೆರಡಕ್ಕೆ ಹಾರಿದ್ದು ಕಣ್ಣಿಗೆ ಹೊಡೆಯುತ್ತಿತ್ತು. ಬರೆದಷ್ಟೇ ಮಾಡುವುದು ಶಿಸ್ತು ಎಂದು ನನಗೆ ಕಲಿಸಿದ್ದರು.

ಈರಮ್ಮ ಮಾತ್ರ ಪ್ರತಿ ಸಲ ಬಾಗಿಲಲ್ಲಿ ನಿಂತು ಅದೇ ರಾಗ ತೆಗೆಯುತ್ತಿದ್ದಳು.

"ಅಕ್ಕಾರ, ನೆತ್ತರ ನಿಂತಿಲ್ರಿ. ಮತ್ತ ಹೋಗಾಕತ್ತದ."

"ರಿಪೋರ್ಟ್ ಚಲೋ ಬಂದೈತಿ. ಹನ್ನೊಂದು ಐತಿ. ಇನ್ನೇನ ಬೇಕು ನಿನಗ?"

"ಹನ್ನೊಂದು ಸಲ ಅಲ್ರಿ ಯವ್ವಾ, ಹದಿನೈದು ಸಲ ಹೋಗ್ತಾಳ."

"ಅದು ಮೂಲವ್ಯಾಧಿ ಇರಬೇಕು. ಖಾರ ಬಿಡಸು."

ಹೀಗೆ ನಾನೇ ಹೇಳಿದೆ. ಟೆಕ್ನಿಷಿಯನ್ನಿಗೆ ರೋಗ ಹೇಳುವ ಅಧಿಕಾರವಿಲ್ಲ ಎಂದು ನೂರು ಸಲ ಖಾಜಾಸಾಬನಿಗೆ ಪಾಠ ಮಾಡಿದವಳು ನಾನು. ಡಾಕ್ಟರೂ ಬೇಸತ್ತು ಒಂದು ದಿನ ನನ್ನ ಕೋಣೆಗೆ ಬಂದು, "ಅಕ್ಕಾರ, ನಿಮ್ಮ ರಿಪೋರ್ಟ್ ಹುಷಾರದ, ಪೇಶೆಂಟ್ ಹುಷಾರಿಲ್ಲ. ಇಬ್ಬರೊಳಗ ಒಬ್ಬರು ಸುಳ್ಳ ಹೇಳಾಕತ್ತೀರಿ" ಎಂದರು. "ನನ್ನ ಕೊಳವೆ ಸುಳ್ಳು ಹೇಳಂಗಿಲ್ರಿ" ಎಂದು ತೂಕದ ದಾರ ಇಳಿಬಿಟ್ಟು ತೋರಿಸಿದೆ. ಅವರು ನಕ್ಕು ಹೋದರು. ಕೊಳವೆ ಸುಳ್ಳು ಹೇಳಿರಲಿಲ್ಲ, ಅದು ನಿಜ. ಯಾರ ವಿಷಯ ಹೇಳುತ್ತಿದೆ ಎಂದು ನಾವ್ಯಾರೂ ಕೇಳಿರಲಿಲ್ಲ.

ನವೆಂಬರ್ 21ಕ್ಕೆ ಮಳೆ ಮುಗಿದು, ಕಾಲುವೆ ಕಡೆಯ ಗದ್ದೆಗಳಲ್ಲಿ ಭತ್ತದ ಕೊಯ್ಲು ಶುರುವಾಗಿತ್ತು. ಅಂದು ಡಾಕ್ಟರು ಹುಲಿಗೆಮ್ಮನನ್ನು ನೋಡಿದ ಕೂಡಲೇ ರಾಯಚೂರಿಗೆ ಒಯ್ಯಬೇಕು, ರಕ್ತ ಏರಿಸಬೇಕು, ಗುಂಪು ನೋಡಿ ಕಳಿಸಿ, ಇಎಸ್ಆರ್ ಕೂಡ ಮಾಡಿ ಎಂದು ಚೀಟಿ ಬರೆದರು. ಆ ಚೀಟಿ ಹಿಡಿದು ಬಂದವಳೇ ಸ್ಟೂಲಿನ ಮೇಲೆ ಕೂತ ಹುಡುಗಿ. ಒಂಬತ್ತೂವರೆಗೆ ರಕ್ತ ತೆಗೆದು ಕೊಳವೆ ನಿಲ್ಲಿಸಿದ್ದೆ; ಸರಿಯಾಗಿ ಒಂದು ತಾಸಿನ ಮೇಲೆ ಓದಿದಾಗ ನಲವತ್ತಾರು. ಆಮೇಲೆ ಗುಂಪು ನೋಡಿದಾಗ ಬಿ ಬಂತು.

ಮೊದಲು ಸೀರಂ ಕೆಟ್ಟಿದೆ ಎಂದುಕೊಂಡೆ. ಹಿಂದಿನ ದಿನ ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾಗಿತ್ತು. ನನ್ನ ಬೆರಳಿಗೆ ನಾನೇ ಚುಚ್ಚಿ ಒಂದು ಹನಿ ಹಾಕಿದೆ. ನನ್ನದು ಎ, ಎ ಎಂದೇ ಬಂತು. ಖಾಜಾಸಾಬನ ಬೆರಳಿಗೂ ಚುಚ್ಚಿದೆ, ಅವನದೂ ಸರಿಯಾಗಿ ಬಂತು. ಆಮೇಲೆ ಸ್ಟೂಲಿನ ಕಡೆ ತಿರುಗಿ, ಆ ಹುಡುಗಿಯ ಮುಖವನ್ನು ಮೊದಲ ಬಾರಿ ನೋಡಿದೆ. ಕೆನ್ನೆಯಲ್ಲಿ ರಕ್ತವಿದ್ದ ಮುಖ.

"ನೀನು ಹುಲಿಗೆಮ್ಮ ಹೌದೇನು?"

ಅವಳು ತಾಯಿಯ ಕಡೆ ನೋಡಿದಳು. ಈರಮ್ಮ ಒಂದಿಷ್ಟೂ ಅಳುಕದೆ, "ಇಕಿ ಸಣ್ಣಾಕಿರಿ, ದುರಗಮ್ಮ. ಹುಲಿಗೆಮ್ಮ ಹೊರಗ ಮಲಗ್ಯಾಳ. ಅಕಿ ಮೈಯಾಗ ಎಲ್ಲೈತ್ರಿ ರಕ್ತ? ಕೊಡಾಕ ಇಕೀನ ಕರಕೊಂಡು ಬರ್ತೀನಿ" ಎಂದಳು.

"ಎಷ್ಟು ಸಲ?"

"ಹಿಂದ ಮೂರು ಸಲ, ಇವತ್ತಿಂದೂ ಹಿಡಿದ್ರ ನಾಕು."

ನನ್ನ ಕೈಯಲ್ಲಿದ್ದ ಟೈಲನ್ನು ಮೇಜಿನ ಮೇಲಿಟ್ಟೆ. "ಹೆಸರು ಕೇಳಿದಾಗ ಹೂಂ ಅಂದ್ಯಲ್ಲ?" ಎಂದು ದುರಗಮ್ಮನನ್ನು ಕೇಳಿದೆ.

"ಚೀಟಿ ಅಕ್ಕಂದು ಹೌದಲ್ಲೋ ಅಂತ ಕೇಳಾಕತ್ತೀರಿ ಅನ್ಕೊಂಡ್ನಿರಿ."

ಈರಮ್ಮ ನಡುವೆ ಬಾಯಿ ಹಾಕಿದಳು. "ಸಿಟ್ಟಾಗಬ್ಯಾಡ್ರಿ ಯವ್ವಾ. ಈಗ ಡಾಕ್ಟ್ರು ರಕ್ತ ಏರಸಬೇಕು ಅಂದ್ರು. ನಾಕು ಸಲ ಕೊಟ್ಟೀವಲ್ರಿ, ಆ ಬಿಳೇ ಪೆಟಿಗ್ಯಾಗ ಕೂಡಿ ಇಟ್ಟೀರಲ್ಲ, ಅದನ್ನ ಹಾಕ್ರಿ."

ಅವಳು ತೋರಿಸಿದ್ದು ನಮ್ಮ ಫ್ರಿಜ್ಜನ್ನು. ಅವಳ ಮಾತು ನನಗೆ ಅರ್ಥವಾಗಲಿಲ್ಲ. ಖಾಜಾಸಾಬ ತಲೆ ಕೆರೆದುಕೊಂಡು ಬಿಡಿಸಿ ಹೇಳಿದ. ಎರಡು ವರ್ಷದ ಹಿಂದೆ ಈರಮ್ಮನ ಗಂಡನಿಗೆ ರಾಯಚೂರಿನಲ್ಲಿ ಹೊಟ್ಟೆಯ ಆಪರೇಷನ್ ಆಗಿತ್ತು. ಅಲ್ಲಿ ರೋಗಿಯ ಬದಲು ಮನೆಯವರು ರಕ್ತ ಕೊಡಬೇಕು ಎಂದಿದ್ದರು. ಮೈದುನರಿಬ್ಬರು ಕೊಟ್ಟ ಮೇಲೆಯೇ ಬಾಟಲಿ ಹಾಕಿದ್ದರು. ಆಸ್ಪತ್ರೆಯಲ್ಲಿ ರಕ್ತ ತೆಗೆಯುವುದು ಅದಕ್ಕೇ, ರೋಗಿಯ ಹೆಸರಿನಲ್ಲಿ ಮನೆಯವರು ಕೊಡುವುದೇ ರಿವಾಜು ಎಂದು ಅವರು ತಿಳಿದಿದ್ದರು. ಇಲ್ಲಿಯೂ ತಿಂಗಳಿಗಿಷ್ಟು ತೆಗೆದು ಹುಲಿಗೆಮ್ಮನಿಗಾಗಿ ಕೂಡಿಡುತ್ತಿದ್ದೇವೆ ಎಂದುಕೊಂಡಿದ್ದರು.

"ನಿನಗ ಗೊತ್ತಿತ್ತೇನು, ಇಕಿ ತಂಗಿ ಅಂತ?" ಖಾಜಾಸಾಬನನ್ನು ಕೇಳಿದೆ.

"ಗೊತ್ತಿತ್ರಿ. ಮನಿ ಮಂದಿ ಕೊಟ್ರ ನಡೀತದ ಅಂತ ನಾನೂ ಅನ್ಕೊಂಡಿದ್ದೆ. ಒಂದ ಮನಿ, ಒಂದ ಖೂನ್."

"ಹನ್ನೆರಡು ವರ್ಷ ಈ ಕೋಣ್ಯಾಗ ಇದ್ದೀಯಲ್ಲೋ."

"ನೀವು ಕಾಲ್ ಒರಸೋದು ಹೇಳೀರಿ, ನಳಗಿ ತೊಳಿಯೋದು ಹೇಳೀರಿ. ರಕ್ತ ಯಾಕ ತಗೋತೀವಿ ಅಂತ ಯಾವಾಗ ಹೇಳೀರಿ?"

ಅವನ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಅವನು ಹೇಳಿದ್ದು ಸರಿಯಾಗಿತ್ತು ಎಂಬುದೇ ಅದಕ್ಕೆ ಮುಖ್ಯ ಕಾರಣ.

ಟ್ರೇ ಹಿಡಿದು ಹೊರಗೆ ನಡೆದೆ. ಬೇವಿನ ಗಿಡದ ಕೆಳಗೆ ಕೌದಿಯ ಮೇಲೆ ಹುಲಿಗೆಮ್ಮ ಮಲಗಿದ್ದಳು. ಜುಲೈನಲ್ಲಿ ನೋಡಿದ್ದಕ್ಕಿಂತ ಅರ್ಧದಷ್ಟಾಗಿದ್ದಳು. ತುಟಿ ಯಾವುದು, ಕೆನ್ನೆ ಯಾವುದು, ಎಲ್ಲ ಒಂದೇ ಬಣ್ಣ. ನಾನು ಮಂಡಿಯೂರಿ ಕೂತು ತೋಳು ಹಿಡಿದೆ.

"ಇನ್ನೂ ಉಳದದೇನ್ರಿ ಅಕ್ಕಾರ ನನ್ನ ಮೈಯಾಗ, ತಗೊಳ್ಳಾಕ?" ಎಂದಳು.

"ನಿನ್ನ ಹೆಸರು ಹೇಳು."

"ಅಷ್ಟೂ ಮರತ್ರೇನ್ರಿ? ಹುಲಿಗೆಮ್ಮ."

ನರ ಮೂರನೆಯ ಸಲಕ್ಕೆ ಸಿಕ್ಕಿತು. ಗುಂಪು ಓ. ಹಿಮೋಗ್ಲೋಬಿನ್ ನಾಲ್ಕೂವರೆ. ಎರಡೂ ಚೀಟಿ ಹಿಡಿದು ಡಾಕ್ಟರ ಕೋಣೆಗೆ ಹೋಗಿ, ಕೂರದೆ, ಎಲ್ಲವನ್ನೂ ಹೇಳಿದೆ. ಮೂರು ತಿಂಗಳು ತಂಗಿಯ ರಕ್ತ ನೋಡಿ ಅಕ್ಕನ ಔಷಧ ನಿಲ್ಲಿಸಿದ್ದೇವೆ, ತಪ್ಪು ನನ್ನದು ಎಂದೆ. ಡಾಕ್ಟರು ಎರಡೂ ಚೀಟಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. "ನಂದೂ ಅದರಿ. ಹುಡುಗಿ ಕಣ್ಣ ಮುಂದಿತ್ತು, ನಾ ಕಾಗದ ನೋಡಿದೆ" ಎಂದರು. ನಂತರ ರಾಯಚೂರಿಗೆ ಪತ್ರ ಬರೆಯಲು ಪೆನ್ನು ತೆಗೆದವರು ತಡೆದು ನಿಂತರು.

"ಅಕ್ಕಾರ, ಇವತ್ತಿನ ನಲವತ್ತಾರು ಯಾರದು ಹಂಗಾರ?"

ದುರಗಮ್ಮನದು. ಹದಿನಾಲ್ಕು, ಹನ್ನೊಂದು, ಹತ್ತೊಂಬತ್ತು, ನಲವತ್ತಾರು, ಎಲ್ಲವೂ ಅವಳವೇ. ರೋಗವಿಲ್ಲದವಳೆಂದು ಕರೆತಂದ ಹುಡುಗಿಯ ಮೈಯಲ್ಲಿ ಏನೋ ಉರಿಯತೊಡಗಿದ್ದನ್ನು ಕೊಳವೆ ಎರಡು ತಿಂಗಳಿಂದ ತೋರಿಸುತ್ತಿತ್ತು. ಡಾಕ್ಟರು ಈರಮ್ಮನನ್ನು ಕರೆದು, ನಿಮ್ಮ ಕಡೆ ಬೇರೆ ಯಾರಿಗಾದರೂ ಹೀಗೆ ಆಗಿತ್ತೇ ಎಂದು ಕೇಳಿದರು. ಮೂರು ಸಲ ಕೇಳಬೇಕಾಯಿತು. ಕೊನೆಗೆ, ದೇವದುರ್ಗದಲ್ಲಿದ್ದ ತನ್ನ ತಮ್ಮ ನೆತ್ತರ ಹೋಗಿಯೇ ಸತ್ತ, ಅದು ಯಾರೋ ಮಾಟ ಮಾಡಿಸಿದ್ದು ಎಂದು ಎಲ್ಲರೂ ಅಂದರು ಎಂದಳು. ಇಷ್ಟು ತಿಂಗಳು ಹೇಳಲಿಲ್ಲವೇಕೆ ಎಂದರೆ, "ನೀವು ಕೇಳಿಲ್ರಿ" ಎಂದಳು. ಖಾಜಾಸಾಬನ ನಂತರ ಅಂಥದೇ ಉತ್ತರ ಅಂದು ಎರಡನೆಯ ಸಲ ಕೇಳಿದ್ದು.

ಆಗ ಇದರ ಒಳಗುಟ್ಟು ನಮಗಾರಿಗೂ ಗೊತ್ತಿರಲಿಲ್ಲ. ಎರಡು ವರ್ಷದ ಮೇಲೆ ನಾನು ದೇವದುರ್ಗಕ್ಕೆ ಕೆಲಸಕ್ಕೆ ಹೋದಾಗ, ಸತ್ತ ಆ ತಮ್ಮನ ಮಗನೂ ಅದೇ ತೊಂದರೆ ಹೊತ್ತು ನನ್ನ ಮೇಜಿನ ಮುಂದೆ ಬಂದು ಕೂತ. ಮೈಯ ಕಾವಲನ್ನು ನಡೆಸುವ ಜೀನುಗಳಲ್ಲಿ ಕೆಲವು ಮನೆತನಗಳಿಗೆ ಸಣ್ಣ ಸಣ್ಣ ವ್ಯತ್ಯಾಸಗಳಿರುತ್ತವೆ, ಅವು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತವೆ, ಇಳಿದವರೆಲ್ಲರಿಗೂ ಕಾಯಿಲೆ ಬರುತ್ತದೆಂದಲ್ಲ ಎಂದು ನಿವೃತ್ತಿಯ ಹೊತ್ತಿಗೆ ಓದಿ ತಿಳಿದೆ. ಈಗ ಉರಿಯೂತ ಅಳೆಯಲು ರಕ್ತದಲ್ಲೇ ಬೇರೆ ಗುರುತುಗಳನ್ನು ನೋಡುತ್ತಾರೆ, ಗಂಟೆಗಟ್ಟಲೆ ಕಾಯಬೇಕಿಲ್ಲ. ಒಂದೇ ಮನೆ, ಒಂದೇ ರಕ್ತ ಎಂಬ ಮಾತನ್ನು ಬಿಳಿ ಟೈಲಿನ ಮೇಲೆ ಎರಡು ನಿಮಿಷದಲ್ಲಿ ಸುಳ್ಳು ಮಾಡಿ ತೋರಿಸಿದ್ದೆ. ಅದು ಪೂರ್ತಿ ಸುಳ್ಳಲ್ಲ ಎಂದು ಒಪ್ಪಿಕೊಳ್ಳಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಹುಲಿಗೆಮ್ಮ ಬದುಕಿದಳು ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಓದುವವರನ್ನು ಕಾಯಿಸುವುದು ನನಗೆ ಸೇರದು.

ಹನ್ನೆರಡಕ್ಕೆ ಆಸ್ಪತ್ರೆಯ ಜೀಪಿನಲ್ಲಿ ಅವಳನ್ನು ಮಲಗಿಸಿದೆವು. ಚೀಟಿಯಲ್ಲಿ ಓ ಎಂದು ದೊಡ್ಡದಾಗಿ ಬರೆದು, ಕೆಳಗೆ ಗೆರೆ ಎಳೆದು, ಡ್ರೈವರನ ಕೈಗಲ್ಲ, ಈರಮ್ಮನ ಕೈಗೆ ಕೊಟ್ಟು, ಅದು ಏನು ಎಂದು ಹೇಳಿ, ಅವಳಿಂದ ಎರಡು ಸಲ ಹೇಳಿಸಿದೆ. ಜೀಪು ರಾಯಚೂರಿನ ದಾರಿ ಹಿಡಿಯಿತು. ದುರಗಮ್ಮ ಉಳಿದಳು.

ಬೇರೆ ಹೆಸರಿನಲ್ಲಿ ತೆಗೆದ ರಕ್ತದ ಫಲಿತಾಂಶವನ್ನು ಇವಳ ಹೆಸರಿಗೆ ಬರೆದುಕೊಡುವವಳಲ್ಲ ನಾನು. ಹೊಸದಾಗಿ ತೆಗೆಯಬೇಕು ಎಂದೆ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ನನಗೇನೂ ಆಗಿಲ್ರಿ."

"ಆಗಿಲ್ಲಾಂದ್ರ ಕೊಳವೆ ಹೇಳ್ತೈತಿ. ಯಾವಾಗಿಂದ?"

ಅವಳು ಖಾಜಾಸಾಬನ ಕಡೆ ನೋಡಿದಳು. ಖಾಜಾಸಾಬನಿಗೆ ಹೊರಗೆ ಹೋಗೆಂದು ಕಣ್ಣಲ್ಲೇ ಹೇಳಿದೆ. ಅವನು ಹೋದ.

"ದಸರಾ ಮುಂದರಿ. ಒಂದೊಂದ ಸಲ ನೆತ್ತರ ಬೀಳ್ತದ."

"ತಾಯಿಗೆ ಯಾಕ ಹೇಳಿಲ್ಲ?"

"ಅಕ್ಕಗ ರಕ್ತ ಕೊಡಾಕಿ ನಾನಲ್ರಿ? ನಂದೂ ಕೆಟ್ಟದ ಅಂತ ಹೇಳಿದ್ರ, ಕೂಡಿ ಇಟ್ಟಿದ್ದೆಲ್ಲ ಅಕಿಗೆ ಬರದಂಗ ಆಕ್ಕದ."

ಸ್ಟೂಲನ್ನು ಮುಂದಕ್ಕೆಳೆದೆ. ಅವಳು ಬಂದು ಕೂತು ಸೆರಗಿನಿಂದ ಒಂದು ಕೈ ಹೊರತೆಗೆದಳು. ನಾನು ಸೂಜಿ ಹಿಡಿದು ಕಾದೆ. "ಹೆಸರು?" ಎಂದೆ.

"ದುರಗಮ್ಮ. ಊರು ನೀರಮಾನ್ವಿ."

ಹನ್ನೆರಡೂ ಇಪ್ಪತ್ತಕ್ಕೆ ಕೊಳವೆ ನಿಲ್ಲಿಸಿದೆ. ಆ ಒಂದು ಗಂಟೆಯಲ್ಲಿ ರಿಜಿಸ್ಟರು ತೆಗೆದು, ಆಗಸ್ಟ್‌ನಿಂದ ನವೆಂಬರ್‌ವರೆಗಿನ ನಾಲ್ಕು ಸಾಲುಗಳಲ್ಲಿ ಹುಲಿಗೆಮ್ಮನ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದು, ಕಾರಣ ಬರೆದು, ನಾಲ್ಕು ಕಡೆಯೂ ಸಹಿ ಹಾಕಿದೆ. ದುರಗಮ್ಮ ನನ್ನ ಪಕ್ಕ ಕೂತು ಕೊಳವೆಯಲ್ಲಿ ಕೆಂಪು ಕೆಳಗಿಳಿಯುವುದನ್ನೂ ಮೇಲೆ ಹಳದಿ ನೀರು ತೇಲುವುದನ್ನೂ ನೋಡುತ್ತಿದ್ದಳು. ಅದು ಏನು, ಏಕೆ ಇಳಿಯುತ್ತದೆ, ಎಷ್ಟು ಇಳಿದರೆ ಏನರ್ಥ ಎಂದು ಹೇಳಿದೆ. ಹದಿನಾಲ್ಕು ವರ್ಷದ ಕೆಲಸದಲ್ಲಿ ಒಬ್ಬ ರೋಗಿಗೆ ಅದನ್ನು ಹೇಳಿದ್ದು ಅದೇ ಮೊದಲು. ಖಾಜಾಸಾಬನನ್ನೂ ಒಳಗೆ ಕರೆದು ಕೂರಿಸಿದೆ. ಒಂದೂ ಇಪ್ಪತ್ತಕ್ಕೆ ಅವಳೇ ಅಂಕಿ ಎಣಿಸಿ ಹೇಳಿದಳು: ನಲವತ್ತನಾಲ್ಕು. ನಾನೂ ಓದಿದೆ, ಸರಿಯಿತ್ತು. ಬರೆದೆ, ಸಹಿ ಹಾಕಿದೆ, ಚೀಟಿಯನ್ನು ಅವಳ ಕೈಗೆ ಕೊಟ್ಟೆ.

ಅವಳು ಎದ್ದು ನಿಂತು, "ಈಗ ಇದನ್ನ ಎಲ್ಲಿ ಇಡ್ತೀರಿ?" ಎಂದಳು.

"ನೋಡು" ಎಂದೆ. ಅವಳ ಕಣ್ಣೆದುರಿಗೇ ಕೊಳವೆಯನ್ನು ತೊಟ್ಟಿಗೆ ಬರಿದು ಮಾಡಿ ನೀರು ಬಿಟ್ಟೆ. ಕೆಂಪು ಪೂರ್ತಿ ಹೋಗುವವರೆಗೂ ಬಗ್ಗಿ ನೋಡಿದಳು. ಆಮೇಲೆ ತನ್ನ ಚೀಟಿ ಹಿಡಿದು, ಊಟಕ್ಕೆ ಏಳದೆ ಕಾದು ಕೂತಿದ್ದ ಡಾಕ್ಟರ ಕೋಣೆಯೊಳಗೆ ಒಬ್ಬಳೇ ಹೋದಳು. ನಾನು ಕೊಳವೆಯನ್ನು ಮೂರು ಸಲ ತೊಳೆದು, ಒಣಗಲು ಇಟ್ಟು, ಒಂದೂ ನಲವತ್ತಕ್ಕೆ ಕೋಣೆಗೆ ಬೀಗ ಹಾಕಿದೆ.